ಫೋನ್ ಯಾರದು, ಚಿಪ್ ಯಾರದು?

ಹೊಸ ಮೊಬೈಲ್ ಫೋನ್ ಮಾರುಕಟ್ಟೆಗೆ ಬಂದಾಗ ‘ನಮ್ಮದೇ ಸ್ವಂತ ಚಿಪ್’ ಎಂಬ ಪ್ರಚಾರವೂ ಜೊತೆಗೆ ಬರುವುದುಂಟು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಫೋನ್ ಕೊಳ್ಳುವ ವಿದ್ಯಾರ್ಥಿಗೆ ಅದು ದೊಡ್ಡ ಸಾಧನೆಯಾಗಿ ಕಾಣುತ್ತದೆ. ಈ ‘ಸ್ವಂತ’ ಎಷ್ಟು ಸ್ವಂತ? ಫೋನ್ ತಯಾರಕರು ಚಿಪ್‌ಗಳನ್ನು ಎಲ್ಲಿಂದ ಪಡೆಯುತ್ತಾರೆ ಎಂಬುದರಿಂದ ಅರೆವಾಹಕ ಉದ್ಯಮದ ಮೇಲಾಗುವ ಪರಿಣಾಮವೇನು? ಪರಿಶೀಲಿಸೋಣ.

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಈ ಬಾಳೆ ಇತರ ತಳಿಗಳಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವ ಬೆಳೆ. ಕೊಳ್ಳುವ ವ್ಯಾಪಾರಿ ಮಾತ್ರ ಒಂದೇ ದಿನದಲ್ಲಿ ಮನಸ್ಸು ಬದಲಿಸಬಹುದು. ಒಬ್ಬನೇ ಗಿರಾಕಿಯನ್ನು ನಂಬಿದ ರೈತನ ಪಾಡು ಆಗ ಏನಾದೀತು? ಚಿಪ್ ಉದ್ಯಮದ ಸ್ಥಿತಿಯೂ ಹೀಗೆಯೇ. ಫೋನಿನ ಮಾದರಿ ವರ್ಷಕ್ಕೊಮ್ಮೆ ಬದಲಾಗುತ್ತದೆ. ಅದರ ಮುಖ್ಯ ಚಿಪ್‌ನ ವಿನ್ಯಾಸಕ್ಕೆ ಎರಡು-ಮೂರು ವರ್ಷ ಬೇಕು. ಅತ್ಯಾಧುನಿಕ ತಯಾರಿಕಾ ಘಟಕಕ್ಕೆ ಹಲವು ವರ್ಷಗಳ ಜೊತೆಗೆ ಸಾವಿರ ಕೋಟಿ ಡಾಲರ್‌ಗೂ ಮೀರಿದ ಬಂಡವಾಳ ಬೇಕು. ಕೊಳ್ಳುವವರ ತೀರ್ಮಾನ ಬೇಗನೆ ಬದಲಾಗುತ್ತದೆ. ನಷ್ಟದ ಹೊರೆ ಮಾಡುವವರ ಮೇಲೆ ಬೀಳುತ್ತದೆ.

ಇದಕ್ಕೆ ನಮ್ಮ ರಾಜ್ಯಕ್ಕೂ ನಂಟಿರುವ ಉದಾಹರಣೆಯೊಂದಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಮುಂದೆ ಇಲ್ಲಿನ ಎಂಜಿನಿಯರುಗಳೂ ಅದರ ಮೊಬೈಲ್ ಚಿಪ್‌ಗಳ ಕೆಲಸದಲ್ಲಿ ಪಾಲ್ಗೊಂಡರು. ಈ ಕಂಪನಿಯ ಪ್ರಮುಖ ಗಿರಾಕಿ ನೋಕಿಯಾ. 2007ರಲ್ಲಿ ನೋಕಿಯಾ ತನ್ನ ನೀತಿ ಬದಲಿಸಿ, ಬ್ರಾಡ್‌ಕಾಮ್, ಇನ್ಫಿನಿಯಾನ್, ಎಸ್‌ಟಿ ಮೈಕ್ರೊಎಲೆಕ್ಟ್ರಾನಿಕ್ಸ್ ಕಂಪನಿಗಳಿಂದಲೂ ಚಿಪ್ ಪಡೆಯುವುದಾಗಿ ಘೋಷಿಸಿತು. ಮರುವರ್ಷವೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಬೇಸ್‌ಬ್ಯಾಂಡ್ ಚಿಪ್ ವ್ಯವಹಾರದ ಒಂದು ಭಾಗವನ್ನು ಮಾರಲು ಹೊರಟಿತು. ಆಪಲ್ ಮತ್ತು ಸ್ಯಾಮ್‌ಸಂಗ್ ತಾವೇ ಸಂಸ್ಕಾರಕಗಳನ್ನು ವಿನ್ಯಾಸಗೊಳಿಸತೊಡಗಿದ ಮೇಲೆ ಅದರ ‘ಓಮ್ಯಾಪ್’ ಚಿಪ್‌ಗೂ ಜಾಗ ಕಿರಿದಾಯಿತು. ಕ್ವಾಲ್‌ಕಾಮ್‌ನ ಪೈಪೋಟಿ ಬೇರೆ. 2012ರಲ್ಲಿ ಕಂಪನಿ ಫೋನ್ ಚಿಪ್‌ಗಳಿಂದ ಹಿಂದೆ ಸರಿಯುವುದಾಗಿ ತಿಳಿಸಿ, ಜಗತ್ತಿನಾದ್ಯಂತ ಸುಮಾರು 1,700 ಹುದ್ದೆಗಳ ಕಡಿತ ಘೋಷಿಸಿತು.

ಹಾಗಾದರೆ ಹಲವು ಮೂಲಗಳಿಂದ ಕೊಳ್ಳುವುದೇ ತಪ್ಪೇ? ಅಲ್ಲ. ಪೂರೈಕೆ ನಿಲ್ಲದಿರಲು ಅದು ಜಾಣ ಕ್ರಮ. ಆದರೆ ಚಿಪ್‌ಗಳು ಸೂಕ್ಷ್ಮವಾದಂತೆ ಈ ಸ್ವಾತಂತ್ರ್ಯ ದುಬಾರಿಯಾಗುತ್ತದೆ. 2015ರ ಐಫೋನ್ 6ಎಸ್‌ನ ‘ಎ9’ ಚಿಪ್ ಅನ್ನು ಸ್ಯಾಮ್‌ಸಂಗ್ 14 ನ್ಯಾನೊಮೀಟರ್ ತಂತ್ರದಲ್ಲಿಯೂ ತೈವಾನ್‌ನ ಟಿಎಸ್‌ಎಂಸಿ 16 ನ್ಯಾನೊಮೀಟರ್ ತಂತ್ರದಲ್ಲಿಯೂ ತಯಾರಿಸಿದವು. ಮೊದಲನೆಯದರ ವಿಸ್ತೀರ್ಣ 96 ಚದರ ಮಿಲಿಮೀಟರ್, ಎರಡನೆಯದರದು 104.5. ಎರಡೂ ಕಡೆಯ ತಯಾರಿಕಾ ನಿಯಮಗಳು ಬೇರೆಯಾದ್ದರಿಂದ ಒಂದೇ ಮಂಡಲವನ್ನು ಎರಡು ಬಾರಿ ನಕ್ಷೆಗಿಳಿಸಬೇಕಾಯಿತು. ಮರುವರ್ಷದ ‘ಎ10’ ಚಿಪ್ ಟಿಎಸ್‌ಎಂಸಿಯೊಂದಕ್ಕೇ ಹೋಯಿತು.

‘ಸ್ವಂತ ಚಿಪ್’ ಎಂಬ ಮಾತಿನ ದೋಷ ಇಲ್ಲಿ ಸ್ಪಷ್ಟವಾಗುತ್ತದೆ. ಆಪಲ್‌ಗೆ ಸ್ವಂತ ಚಿಪ್ ತಯಾರಿಕಾ ಘಟಕವಿಲ್ಲ. ಅದರ ಸ್ವಂತದ್ದು ವಿನ್ಯಾಸ ಮಾತ್ರ. ಅದರ ಭಾರಿ ಖರೀದಿಯಿಂದ ಹೊಸ ತಯಾರಿಕಾ ತಂತ್ರಗಳಿಗೆ ಬಂಡವಾಳ ಒದಗಿತು, ಚಿಪ್‌ಗಳ ವಿದ್ಯುತ್ ದಕ್ಷತೆಯೂ ಹೆಚ್ಚಿತು ಎಂಬುದನ್ನು ಒಪ್ಪಬೇಕು. ಆದರೆ ವಿನ್ಯಾಸಕಾರರು ಹಲವರಾದರೂ ತಯಾರಕರು ಬೆರಳೆಣಿಕೆಯಷ್ಟಾದರು. 2018ರಲ್ಲಿ ಗ್ಲೋಬಲ್‌ಫೌಂಡ್ರೀಸ್ 7 ನ್ಯಾನೊಮೀಟರ್ ತಂತ್ರದ ಅಭಿವೃದ್ಧಿಯನ್ನೇ ಕೈಬಿಟ್ಟಿತು. ಕಣದಲ್ಲಿ ಉಳಿದವರು ಟಿಎಸ್‌ಎಂಸಿ, ಸ್ಯಾಮ್‌ಸಂಗ್, ಇಂಟೆಲ್‌ನಂಥ ಕೆಲವರು. ಅಂಗಡಿಯಲ್ಲಿ ಕಾಣುವ ವೈವಿಧ್ಯ ಕಾರ್ಖಾನೆಯಲ್ಲಿ ಇಲ್ಲ.

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಣೆಯಾಗುತ್ತದೆ. ಅದು ಉದ್ಯೋಗ ಕೊಟ್ಟಿದೆ, ಸಂತೋಷ. ಆದರೆ ಚಿಪ್‌ನ ಆಯ್ಕೆ ನಡೆಯುವುದು ಅಲ್ಲಲ್ಲ. ಗುಜರಾತಿನ ಧೋಲೇರಾದಲ್ಲಿ 2024ರಲ್ಲಿ ಶಂಕುಸ್ಥಾಪನೆಯಾದ ಟಾಟಾ ಘಟಕದ ಗುರಿ 28 ನ್ಯಾನೊಮೀಟರ್ ಮತ್ತು ಅದಕ್ಕಿಂತ ದೊಡ್ಡ ಅಳತೆಯ ಚಿಪ್‌ಗಳು. ಫೋನಿನ ಮುಖ್ಯ ಸಂಸ್ಕಾರಕಕ್ಕೆ ಅದು ಸಾಲದು. ಪರದೆ ಮತ್ತು ವಿದ್ಯುತ್ ನಿರ್ವಹಣೆಯ ಚಿಪ್‌ಗಳಿಗೆ ಸಾಕು. ಅವನ್ನು ವರ್ಷಗಟ್ಟಲೆ ಕೊಳ್ಳುವವರು ಯಾರು ಎಂಬುದನ್ನು ಈಗಲೇ ಕೇಳಬೇಕು. ಘಟಕಕ್ಕೆ ಸಹಾಯಧನದಷ್ಟೇ ಖಚಿತ ಖರೀದಿದಾರರೂ ಮುಖ್ಯ.

ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಓದುವವರಿಗೂ ಇಲ್ಲೊಂದು ಪಾಠವಿದೆ. ಓಮ್ಯಾಪ್ ಫೋನಿನಿಂದ ಮರೆಯಾದರೂ ಅದರ ಹಿಂದಿನ ಜ್ಞಾನ ವಾಹನ ಹಾಗೂ ಕೈಗಾರಿಕಾ ಚಿಪ್‌ಗಳಿಗೆ ಸಾಗಿತು. 2008ರಲ್ಲಿ ಬಂದ, ವಿದ್ಯಾರ್ಥಿಗಳೂ ಬಳಸಿದ ‘ಬೀಗಲ್‌ಬೋರ್ಡ್’ ಫಲಕದಲ್ಲಿದ್ದುದೂ ಓಮ್ಯಾಪ್ ಚಿಪ್ಪೇ. ಒಬ್ಬ ಗಿರಾಕಿಯ ಉತ್ಪನ್ನಕ್ಕಷ್ಟೇ ಸಲ್ಲುವ ತರಬೇತಿಗಿಂತ ಮಂಡಲ ವಿನ್ಯಾಸದ ಮೂಲತತ್ತ್ವಗಳು ಹೆಚ್ಚು ಕಾಲ ಬಾಳುತ್ತವೆ. ಶಿಕ್ಷಕರು ಕೆಟ್ಟುಹೋದ ಹಳೆಯ ಫೋನೊಂದನ್ನು, ಬ್ಯಾಟರಿ ತೆಗೆದು, ತರಗತಿಯಲ್ಲಿ ಬಿಚ್ಚಿ ತೋರಿಸಲಿ. ಪ್ರತಿ ಚಿಪ್ ಅನ್ನು ವಿನ್ಯಾಸಗೊಳಿಸಿದವರು ಯಾರು, ತಯಾರಿಸಿದವರು ಯಾರು, ಜೋಡಿಸಿದವರು ಯಾರು ಎಂದು ಮೂರು ಕಾಲಂಗಳಲ್ಲಿ ಬರೆಸಲಿ. ‘ಸ್ವಂತ’ ಎಂಬುದರ ಅರ್ಥ ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ.