ಈರುಳ್ಳಿ ಜಾಲ: ಮರೆ ಎಷ್ಟು, ಬಯಲು ಎಷ್ಟು?

ಅಂಟಿಸಿದ ಇನ್‌ಲ್ಯಾಂಡ್ ಪತ್ರದ ಒಳಗಿನ ಮಾತು ಅಂಚೆಯವನಿಗೆ ತಿಳಿಯದು. ಆದರೆ ಅದು ಯಾರಿಗೆ, ಯಾವ ಊರಿನಿಂದ, ಎಂದು ಹೊರಟಿತೆಂಬುದು ಹೊರಮೈಯಲ್ಲೇ ಇರುತ್ತದೆ. ಅಂತರಜಾಲದಲ್ಲೂ ಹೀಗೆಯೇ. ಗೂಢಲಿಪಿಯು ಸಂದೇಶದ ಒಳಗನ್ನು ಮಾತ್ರ ಮುಚ್ಚುತ್ತದೆ. ಯಾರು ಯಾರೊಡನೆ, ಯಾವಾಗ, ಎಷ್ಟು ಮಾಹಿತಿ ಹಂಚಿಕೊಂಡರೆಂಬುದು ಹೊರಗೇ ಉಳಿಯುತ್ತದೆ. ಇವನ್ನು ಜೋಡಿಸಿ ನೋಡುವುದೇ ಸಂಚಾರ ವಿಶ್ಲೇಷಣೆ.

ಇದಕ್ಕೆ 1981ರಲ್ಲಿ ಡೇವಿಡ್ ಚಾಮ್ ಒಂದು ಉಪಾಯ ಸೂಚಿಸಿದರು. ಹಲವರ ಸಂದೇಶಗಳನ್ನು ಒಂದೆಡೆ ಕೂಡಿಹಾಕಿ, ಒಂದೇ ಅಳತೆಗೆ ತಂದು, ಕ್ರಮ ಬದಲಿಸಿ ಮುಂದೆ ಕಳುಹಿಸುವುದು. ಮರೆ ಗಟ್ಟಿ, ಆದರೆ ತಡವಾಗುತ್ತದೆ. ಮಿಂಚಂಚೆಗೆ ಸರಿ, ಜಾಲತಾಣ ನೋಡಲು ಒಗ್ಗದು.

ವೇಗಕ್ಕಾಗಿ ಬಂದದ್ದು ‘ಟಾರ್’. ಇದರ ವಿನ್ಯಾಸವನ್ನು ರೋಜರ್ ಡಿಂಗಲ್‌ಡೈನ್, ನಿಕ್ ಮ್ಯಾಥ್ಯೂಸನ್, ಪಾಲ್ ಸೈವರ್ಸನ್ 2004ರಲ್ಲಿ ಪ್ರಕಟಿಸಿದರು. ಸಂದೇಶಕ್ಕೆ ಗೂಢಲಿಪಿಯ ಮೂರು ಪದರ, ದಾರಿಯಲ್ಲಿ ಮೂರು ಗಣಕ. ಪ್ರತಿ ಗಣಕವೂ ಒಂದು ಪದರ ಸುಲಿಯುತ್ತದೆ. ತನ್ನ ಹಿಂದಿನ ಮತ್ತು ಮುಂದಿನ ನೆಲೆಗಳನ್ನಷ್ಟೇ ಬಲ್ಲದು. ಈರುಳ್ಳಿ ಬೆಳೆಯುವ ಜಗಳೂರಿನ ವಿದ್ಯಾರ್ಥಿಗೆ ಈ ಹೋಲಿಕೆಯನ್ನು ವಿವರಿಸಬೇಕಿಲ್ಲ.

ವಿನ್ಯಾಸ ಮೆಚ್ಚತಕ್ಕದ್ದೇ. ಆದರೆ ಅದನ್ನು ಮಾಯಾಂಜನವೆಂಬಂತೆ ಬೋಧಿಸುವುದು ತಪ್ಪು. ಟಾರ್ ಸಂದೇಶಗಳನ್ನು ಬೇಕೆಂದೇ ತಡೆದು ಕಲಸುವುದಿಲ್ಲ. ಆದ್ದರಿಂದ ಹೊರಡುವ ತುದಿ, ಮುಟ್ಟುವ ತುದಿ ಎರಡನ್ನೂ ಕಾಯುವವನು ಹೊತ್ತು ಮತ್ತು ಗಾತ್ರಗಳನ್ನು ತಾಳೆ ನೋಡಿ ಜೋಡಿಯನ್ನು ಗುರುತಿಸಬಲ್ಲ. ಈ ಮಿತಿಯನ್ನು ವಿನ್ಯಾಸಕಾರರೇ 2004ರ ಪ್ರಬಂಧದಲ್ಲಿ ಒಪ್ಪಿಕೊಂಡಿದ್ದಾರೆ; ಹೊಗಳುವವರು ಮರೆಯುತ್ತಾರೆ.

ಇನ್ನೊಂದು ಕೊರತೆ ಯಂತ್ರದ್ದಲ್ಲ, ಜನಸಂಖ್ಯೆಯದು. ಜಾತ್ರೆಯಲ್ಲಿ ಮರೆಯಾಗಬಹುದು, ಬಯಲಿನಲ್ಲಿ ಆಗದು. 2013ರ ಡಿಸೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆ ಬಂತು. ತನಿಖೆಯವರು ಪದರಗಳನ್ನು ಸುಲಿಯಲಿಲ್ಲ. ಆ ಹೊತ್ತಿನ ಮುನ್ನ ವಿಶ್ವವಿದ್ಯಾಲಯದ ಜಾಲದಿಂದ ಟಾರ್ ಬಳಸಿದವರು ಯಾರೆಂದು ನೋಡಿ ಒಬ್ಬ ವಿದ್ಯಾರ್ಥಿಯನ್ನು ತಲುಪಿದರು. ಅಲ್ಲಿ ಸಿಕ್ಕಿದವನು ಅಪರಾಧಿ. ಆದರೆ ಜಗಳೂರಿನಂಥ ಊರಿನ ಕಾಲೇಜಿನಲ್ಲಿ ಒಬ್ಬಳೇ ವಿದ್ಯಾರ್ಥಿನಿ ತನ್ನ ಕಾಯಿಲೆಯ ಬಗ್ಗೆ ಗುಟ್ಟಾಗಿ ಓದಲು ಟಾರ್ ಬಳಸಿದಳೆನ್ನಿ. ಓದಿದ್ದೇನೆಂದು ತಿಳಿಯದಿದ್ದರೂ ಬಚ್ಚಿಟ್ಟವಳು ಯಾರೆಂದು ತಿಳಿಯುತ್ತದೆ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಪ್ರಕರಣದಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಸಾರಿತು. ಆ ಹಕ್ಕು ಬಳಕೆಗೆ ಬರಬೇಕಾದರೆ ಮರೆ ಬಯಸುವವರು ಒಂಟಿಯಾಗಿರಬಾರದು.

ತರಗತಿಯಲ್ಲಿ ಇದನ್ನು ಪರೀಕ್ಷಿಸಬಹುದು. ಒಂದೇ ಬಗೆಯ ಹತ್ತು ಲಕೋಟೆಗಳನ್ನು ಹತ್ತು ಮಂದಿ ಒಬ್ಬ ಮಧ್ಯವರ್ತಿಗೆ ಕೊಡಲಿ. ಆತ ಕಲಸಿ ಹಂಚಲಿ. ನೋಡುವವರ ಊಹೆ ಸರಿಯಾಗುವ ಸಂಭವ ಹತ್ತರಲ್ಲಿ ಒಂದು. ಬಳಿಕ ಒಂದೇ ಲಕೋಟೆಯಿಂದ ಪ್ರಯೋಗ ಮಾಡಿ. ಗುಟ್ಟು ಎಲ್ಲಿ ಅಡಗಿತ್ತೆಂಬುದು ವಿದ್ಯಾರ್ಥಿಗಳಿಗೇ ಹೊಳೆಯುತ್ತದೆ.