ಸಹಿ ಹಾಕಿ ಬಚ್ಚಿಟ್ಟ ಪತ್ರ

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ಕಳೆದ ವರ್ಷ ನಾವು ಕಳಿಸಿದ ಒಂದು ಇ-ಮೇಲ್ ಈ ದೂರ ದಾಟಿ ಓದುಗರ ಕಣ್ಣಿಗೆ ಬೀಳಲು 11 ದಿನ ಬೇಕಾಯಿತು. ತಲುಪಿದ್ದು ಕ್ಷಣಮಾತ್ರದಲ್ಲಿ. ಆದರೆ ಭದ್ರಾವತಿಯ ಗೆಳೆಯರ ಖಾತೆಯಲ್ಲಿ ಅದು ‘ಸ್ಪಾಮ್’ ಎಂಬ ಕಸದ ಬುಟ್ಟಿಗೆ ಬಿದ್ದಿತ್ತು. ಅದರಲ್ಲಿದ್ದುದು ಅವರ ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನಾಂಕ. ಅವರು ನೋಡುವ ಹೊತ್ತಿಗೆ ಆ ದಿನ ಕಳೆದಿತ್ತು. ಫೋನ್ ಮಾಡಿ ಹೇಳಬಹುದಿತ್ತು, ಹೇಳಲಿಲ್ಲ. ಆ ತಪ್ಪು ನಮ್ಮದು. ಉಳಿದ ತಪ್ಪು ಯಾರದೆಂಬುದು ಇಲ್ಲಿನ ಪ್ರಶ್ನೆ.

ನಾವು ನಾಲ್ಕಾರು ಮಂದಿ ನಡೆಸುವ ಓದುಗರ ಬಳಗದ ಪತ್ರವ್ಯವಹಾರ ಮನೆಯಲ್ಲಿಟ್ಟ ಒಂದು ಹಳೆಯ ಕಂಪ್ಯೂಟರಿನಿಂದ ನಡೆಯುತ್ತದೆ. ದೊಡ್ಡ ಕಂಪನಿಗಳು ಪುಕ್ಕಟೆಯಾಗಿ ಕೊಡುವಾಗ ಈ ಉಸಾಬರಿ ಏಕೆಂದು ಕೇಳುವವರಿದ್ದಾರೆ. ನಮ್ಮ ಪತ್ರಗಳು ನಮ್ಮ ಮನೆಯಲ್ಲಿರಲಿ ಎಂಬುದಷ್ಟೇ ನಮ್ಮ ಉತ್ತರ. ಇದು ಹೊಸ ಹಂಬಲವೇನಲ್ಲ. 1982ರಲ್ಲಿ ಜಾನ್ ಪೋಸ್ಟೆಲ್ ಇ-ಮೇಲ್ ಸಾಗಣೆಯ ನಿಯಮಗಳನ್ನು ಬರೆದಾಗ ಅದಕ್ಕೆ ಒಡೆಯರಿರಲಿಲ್ಲ. ನಿಯಮ ಪಾಲಿಸುವ ಯಾರೂ ತಮ್ಮದೇ ಅಂಚೆ ಕಚೇರಿ ತೆರೆಯಬಹುದಿತ್ತು. ಬಡವನ ಯಂತ್ರಕ್ಕೂ ಅಲ್ಲಿ ಜಾಗವಿತ್ತು. ಮಲೆನಾಡಿನ ಮಳೆಗೆ ಎರಡು ದಿನ ಕರೆಂಟು ಹೋದರೂ ನಮಗೆ ಬರಬೇಕಾದ ಪತ್ರ ಕಳೆದುಹೋಗುವುದಿಲ್ಲ. ಕಳಿಸುವ ಕಂಪ್ಯೂಟರು ನಾಲ್ಕೈದು ದಿನವಾದರೂ ಮತ್ತೆ ಮತ್ತೆ ಬಾಗಿಲು ತಟ್ಟಬೇಕೆಂದು ನಿಯಮ ಹೇಳುತ್ತದೆ.

ಹಾಗಾದರೆ ಈ ಅನುಮಾನ ಎಲ್ಲಿಂದ ಬಂತು? ಅನುಮಾನಕ್ಕೆ ಕಾರಣವಿದೆ. 1978ರಲ್ಲೇ ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಮಾರಾಟ ವಿಭಾಗದವರು ಕೇಳದವರಿಗೆಲ್ಲ ಒಟ್ಟಿಗೆ ಜಾಹೀರಾತು ಕಳಿಸಿದ್ದರು. ಆಮೇಲೆ ಅದು ಪ್ರವಾಹವಾಯಿತು. ತಡೆಯಲು ಗುರುತಿನ ಚೀಟಿಗಳು ಬಂದವು. ನಮ್ಮ ಹೆಸರಿನಲ್ಲಿ ಕಳಿಸಲು ಯಾವ ಯಂತ್ರಕ್ಕೆ ಅನುಮತಿ ಇದೆಯೆಂದು ಸಾರುವುದು ಎಸ್‌ಪಿಎಫ್. ದಾರಿಯಲ್ಲಿ ಪತ್ರವನ್ನು ತಿದ್ದಿಲ್ಲವೆಂದು ತೋರಿಸುವ ಮೊಹರು ಡಿಕೆಐಎಂ. ಇವು ತಾಳೆಯಾಗದಿದ್ದರೆ ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ, ದೊಡ್ಡ ಸಂಖ್ಯೆಯಲ್ಲಿ ಪತ್ರ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದವು. ದಿನಕ್ಕೆ 5,000 ಪತ್ರ ಎಂಬುದು ಗೂಗಲ್ ಹಾಕಿದ ಗೆರೆ. ನಮ್ಮಂಥ ಸಣ್ಣವರೂ ಮೊದಲೆರಡರಲ್ಲಿ ಒಂದನ್ನಾದರೂ ತೋರಿಸಬೇಕು. ಐಪಿ ವಿಳಾಸ ಮತ್ತು ಯಂತ್ರದ ಹೆಸರು ಪರಸ್ಪರ ಹೊಂದಬೇಕು.

ಇದನ್ನು ನಾವು ಅನ್ಯಾಯ ಎನ್ನುವುದಿಲ್ಲ. ನಿನ್ನ ಗುರುತು ತೋರಿಸು ಎನ್ನುವುದು ಸರಿಯಾದ ಮಾತೇ. ನಾವು ಮೂರನ್ನೂ ಮಾಡಿದೆವು. ಹೆಚ್ಚಿನ ಹಣ ಕೊಟ್ಟು ಬದಲಾಗದ ಐಪಿ ವಿಳಾಸ ಪಡೆದೆವು. ಆ ವಿಳಾಸಕ್ಕೆ ನಮ್ಮ ಹೆಸರು ಬರೆಯುವ ಅಧಿಕಾರ ಇಂಟರ್‌ನೆಟ್ ಸೇವೆ ಕೊಡುವವರದು. ಅವರ ಬೆನ್ನು ಹತ್ತಿ ಅದನ್ನೂ ಬರೆಸಿಕೊಂಡೆವು. ಆದರೂ ಪತ್ರ ಕಸಕ್ಕೆ ಹೋಯಿತು. ಪತ್ರ ಪಡೆಯುವ ದೊಡ್ಡವರು ಕಾರಣ ಹೇಳುವುದಿಲ್ಲ. ನಮಗೆ ಕಂಡದ್ದು ಇಷ್ಟು: ಮನೆಗಳಿಗೆ ಹಂಚುವ ಐಪಿ ವಿಳಾಸಗಳ ಇಡೀ ಸಾಲನ್ನೇ ಅನುಮಾನದಿಂದ ನೋಡುವ ಪಟ್ಟಿಗಳಿವೆ, ಮತ್ತು ನಮ್ಮ ಯಂತ್ರ ಅಂಥದೊಂದು ಸಾಲಿನಲ್ಲಿದೆ.

ಬಾಡಿಗೆ ಮನೆ ಕೇಳಲು ಹೋದಾಗ ಹೆಸರು, ಓಣಿ ವಿಚಾರಿಸಿ ‘ಖಾಲಿ ಇಲ್ಲ’ ಎಂದವರನ್ನು ಈ ಪುಟಗಳ ಓದುಗರಲ್ಲಿ ಹಲವರು ಕಂಡಿರಬಹುದು. ಎರಡೂ ಒಂದೇ ನೋವೆಂದು ನಾವು ಹೇಳುವುದಿಲ್ಲ. ಯಂತ್ರಕ್ಕೆ ದ್ವೇಷವಿಲ್ಲ; ವೈರಸ್ ತಗುಲಿದ ಮನೆಯ ಕಂಪ್ಯೂಟರುಗಳಿಂದ ಕಸ ಹರಿದದ್ದೂ ನಿಜ. ಆದರೆ ಲೆಕ್ಕದ ರೀತಿ ಒಂದೇ. ನಡತೆ ನೋಡುವ ಬದಲು ನೆರೆಹೊರೆ ನೋಡುವುದು.

ಇದಕ್ಕಿಂತ ದೊಡ್ಡ ಆಕ್ಷೇಪ ಇನ್ನೊಂದಿದೆ. ನಮ್ಮ ಅಂಚೆಯವರು ವಿಳಾಸದಾರ ಸಿಗದಿದ್ದರೆ ಕಾರಣ ಬರೆದು ರಿಜಿಸ್ಟರ್ ಪತ್ರವನ್ನು ಹಿಂದಕ್ಕೆ ತರುತ್ತಿದ್ದರು. ಇ-ಮೇಲ್ ನಿಯಮದಲ್ಲೂ ಈ ಮರ್ಯಾದೆ ಇದೆ. ಬೇಡವೆಂದರೆ ಬಾಗಿಲಲ್ಲೇ 550 ಎಂಬ ಸಂಖ್ಯೆ ಹೇಳಿ ನಿರಾಕರಿಸಬಹುದು. 250 ಎಂದು ಹೇಳಿ ಒಪ್ಪಿಕೊಂಡರೆ ತಲುಪಿಸುವ ಹೊಣೆ ಪಡೆದವರದೇ ಎಂದು 2008ರಲ್ಲಿ ಪರಿಷ್ಕರಿಸಿದ ನಿಯಮವೂ ಹೇಳುತ್ತದೆ. ಅಂದು ನಮ್ಮ ಯಂತ್ರದ ದಾಖಲೆಯಲ್ಲಿದ್ದದ್ದು 250. ಅಂದರೆ ಸಹಿ ಹಾಕಿ ಪತ್ರ ಪಡೆದು, ಮನೆಯವರಿಗೆ ಕಾಣದ ಮೂಲೆಯಲ್ಲಿಟ್ಟಂತಾಯಿತು. ನಿರಾಕರಿಸಿದ್ದರೆ ನಾವು ಅಂದೇ ಭದ್ರಾವತಿಯ ಬಸ್ಸು ಹತ್ತುತ್ತಿದ್ದೆವು.

ನಮ್ಮಂತೆ ಮನೆಯಲ್ಲಿ ಸರ್ವರ್ ಇಡುವವರಿಗೆ ನಾವು ಕಂಡುಕೊಂಡ ದಾರಿ ಹೇಳುತ್ತೇವೆ. ಬರುವ ಪತ್ರಗಳು ಮನೆಗೇ ಬರಲಿ. ಹೋಗುವ ಪತ್ರಗಳನ್ನು ಒಳ್ಳೆಯ ಹೆಸರಿರುವ ಬಾಡಿಗೆ ಸರ್ವರ್ ಒಂದರ ಮೂಲಕ ಕಳಿಸಿ. ಎಸ್‌ಪಿಎಫ್‌ನಲ್ಲಿ ಅದರ ಹೆಸರನ್ನೂ ಸೇರಿಸಿ. ಮೊದಲ ಪತ್ರಕ್ಕೆ ಉತ್ತರ ಬರೆಯಲು, ಸ್ಪಾಮ್‌ನಲ್ಲಿದ್ದರೆ ‘ಇದು ಸ್ಪಾಮ್ ಅಲ್ಲ’ ಎಂದು ಗುರುತಿಸಲು ಗೆಳೆಯರಿಗೆ ಹೇಳಿ. ಹೀಗೆ ಮಾಡಿದ ಮೇಲೆ ನಮ್ಮ ಪತ್ರಗಳು ಭದ್ರಾವತಿಯಲ್ಲಿ ಸರಿಯಾದ ಪೆಟ್ಟಿಗೆಗೇ ಬೀಳುತ್ತಿವೆ.

ಇದು ಉಪಾಯವೇ ಹೊರತು ಪರಿಹಾರವಲ್ಲ. ಅದೇ ಜನ, ಅದೇ ಪತ್ರ. ಬಾಡಿಗೆಯ ವಿಳಾಸ ಸಿಕ್ಕಿದ ಕೂಡಲೇ ನಂಬಿಕಸ್ಥರಾದೆವು. ದೊಡ್ಡವರಲ್ಲಿ ನಾವು ಕೇಳುವುದು ರಿಯಾಯಿತಿಯಲ್ಲ. ನಮ್ಮನ್ನು ನಮ್ಮ ನಡತೆಯಿಂದ ಅಳೆಯಲಿ. ಬೇಡವೆಂದರೆ ಬೇಡ ಎಂದು ಬಾಗಿಲಲ್ಲೇ ಹೇಳಲಿ. ಆ ಹುಡುಗಿ ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾಳೆ. ಕೊನೆಯ ದಿನಾಂಕವನ್ನು ಈ ಸಲ ಇ-ಮೇಲ್ ಕಳಿಸಿದ್ದಲ್ಲದೆ ಫೋನಿನಲ್ಲೂ ಹೇಳಿದ್ದೇವೆ.