ಗೊಂಬೆ ಹಬ್ಬದ ರೈಲು ಸುರಂಗ: ರಸಿಕರಿಗೊಂದು ಕೈಪಿಡಿ

ನವರಾತ್ರಿಯಲ್ಲಿ ಗೊಂಬೆ ನೋಡಲು ಹೋದವರ ಕಣ್ಣು ಮೊದಲು ಪಟ್ಟದ ಗೊಂಬೆಗಳ ಮೇಲೆ ಬೀಳುತ್ತದೆ. ಕೈಮುಗಿದ ಮೇಲೆ ಒಂದಿಷ್ಟು ಬಗ್ಗಿ ಕೆಳಗೆ ನೋಡಿ. ಮೆಟ್ಟಿಲುಗಳ ಮುಂದೆ, ರಾಗಿ ಪೈರು ಹಸಿರಾಗಿ ನಿಂತ ಪಾರ್ಕಿನಲ್ಲಿ ಗೇಣೆತ್ತರದ ಗುಡ್ಡವಿರಬಹುದು. ಗುಡ್ಡಕ್ಕೊಂದು ಬಾಯಿ, ಅದರೊಳಕ್ಕೆ ಕೀ ಕೊಟ್ಟು ಬಿಡುವ ರೈಲು. ರೈಲು ಅಂಗಡಿಯಿಂದ ಬಂದದ್ದು, ಸುರಂಗ ಮನೆಯ ಕೈ ಮಾಡಿದ್ದು. ಅದಕ್ಕೇ ಸಂಗ್ರಹಿಸುವವರು ರೈಲಿಗಿಂತ ಸುರಂಗವನ್ನು ಜೋಪಾನ ಮಾಡಬೇಕೆನ್ನುತ್ತೇನೆ.

ರಾಜ ಒಡೆಯರು 1610ರಲ್ಲಿ ದಸರಾ ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿ. ಬೆಂಗಳೂರು–ಮೈಸೂರು ರೈಲು ಇದೇ ಊರಿನಲ್ಲಿ ಕಾವೇರಿ ದಾಟುತ್ತದೆ. ಆದರೆ ನಮ್ಮ ಸೀಮೆಯ ಹೆಸರಾಂತ ಸುರಂಗವಾದ ಹುಲಿಕೆರೆಯದರಲ್ಲಿ ಹರಿಯುವುದು ವಿಶ್ವೇಶ್ವರಯ್ಯ ನಾಲೆಯ ನೀರು. ರೈಲು ಸುರಂಗಗಳ ಸಾಲು ನೋಡಬೇಕಾದರೆ ಸಕಲೇಶಪುರ–ಸುಬ್ರಹ್ಮಣ್ಯದ ಘಟ್ಟಕ್ಕೇ ಹೋಗಬೇಕು. ಅಲ್ಲಿ 57 ಇವೆ. ಹಾಗಾಗಿ ಇಲ್ಲಿನ ಆಟಿಕೆ ಸುರಂಗವನ್ನು ಯಾವುದೋ ಒಂದರ ನಕಲೆಂದು ನೋಡಬೇಡಿ. ಮನೆಯವರು ಮಕ್ಕಳಿಗಾಗಿ ಕಲ್ಪಿಸಿದ ಗುಡ್ಡ ಅದು.

ಹೊರದೇಶದಲ್ಲಿ ಇದು ಕಾರ್ಖಾನೆಯ ಸರಕು. ಇಂಗ್ಲೆಂಡಿನ ಹಾರ್ನ್‌ಬಿ ಬಣ್ಣದ ಚಿತ್ರ ಅಚ್ಚೊತ್ತಿದ ತಗಡಿನಲ್ಲಿ ಸುರಂಗ ಮಾಡಿತು. ಅಮೆರಿಕದ ಲಯನೆಲ್ ಒಳಗೆ ವಿದ್ಯುತ್ ದೀಪವನ್ನೇ ಇಟ್ಟಿತು. ಅವನ್ನು ಪೆಟ್ಟಿಗೆ, ಮುದ್ರೆ, ಕ್ಯಾಟಲಾಗು ನೋಡಿ ಗುರುತಿಸಬಹುದು. ಮನೆಯ ಸುರಂಗಕ್ಕೆ ಇದಾವುದೂ ಇಲ್ಲ. ಅದರ ಮೈಯನ್ನೇ ಓದಬೇಕು.

ಬಾಯಿ: ಮೊದಲು ಅಂಚಿನ ಮೇಲೆ ಬೆರಳಾಡಿಸಿ. ಕೀ ಕೊಡುವ ಎಂಜಿನ್ನಿಗೆ ಕೀಲಿ ಒಂದು ಪಕ್ಕಕ್ಕೆ ಚಾಚಿರುತ್ತದೆ. ಒಂದೇ ಬದಿಯಲ್ಲಿ, ಒಂದೇ ಎತ್ತರದಲ್ಲಿ ಗೀರು ಬಿದ್ದಿದ್ದರೆ ಈ ಸುರಂಗದಲ್ಲಿ ರೈಲು ನಿಜವಾಗಿ ಓಡಾಡಿದೆ ಎನ್ನಬಹುದು. ಬಾಯಿ ಬೇಕಾದದ್ದಕ್ಕಿಂತ ಅಗಲವೆನಿಸಿದರೆ ತಪ್ಪೆಣಿಸಬೇಡಿ. ತಿರುವಿನಲ್ಲಿ ಬೋಗಿಯ ತುದಿಗಳು ಹಳಿಯಿಂದ ಹೊರಕ್ಕೂ ನಡುಭಾಗ ಒಳಕ್ಕೂ ಸರಿಯುತ್ತವೆ. ಬಾಗಿದ ಸುರಂಗ ಕಟ್ಟಿದವರಿಗೆ ಈ ಲೆಕ್ಕ ತಿಳಿದಿತ್ತು. ಒಂದು ಬಾಯಿಯಿಂದ ನೋಡಿದರೆ ಇನ್ನೊಂದು ಕಾಣದಿರುವುದೇ ಬಾಗಿದ ಸುರಂಗದ ಸೊಗಸು.

ಬೆನ್ನು: ಗುಡ್ಡದ ಮೈಯಲ್ಲಿ ಎರಡು ಬಗೆ. ರದ್ದಿ ಕಾಗದ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ ಮೆತ್ತಿದ್ದು ಒಂದು. ಅಜ್ಜಿಯರು ಕಾಗದದ ಬುಟ್ಟಿ ಮಾಡುತ್ತಿದ್ದ ಕೈಚಳಕವೇ ಇಲ್ಲೂ ಇದೆ. ತಟ್ಟಿದರೆ ಗಟ್ಟಿ ಸದ್ದು, ಮೈ ತರಿತರಿ. ಮೈದಾ ಅಂಟಿನಿಂದ ಹಾಳೆ ಮೇಲೆ ಹಾಳೆ ಹೊದಿಸಿದ್ದು ಇನ್ನೊಂದು. ಇದು ಹಗುರ, ಮೈಯೆಲ್ಲ ನೆರಿಗೆ. ಜಿರಲೆಗೂ ಬಲು ಇಷ್ಟ. ನನ್ನ ಬಳಿಯಿರುವ ಒಂದು ಸುರಂಗಕ್ಕೆ ಒಡೆದ ಮೊರವೇ ಬೆನ್ನೆಲುಬು. ಅದರ ಮೇಲಿನ ಕೆಮ್ಮಣ್ಣು, ಹಸಿರು ಬಣ್ಣದ ಮರದ ಹೊಟ್ಟು ಎರಡೂ ಉದುರುತ್ತಿವೆ. ಹೊಸ ಬಣ್ಣ ಬಳಿಯುವ ಆಸೆಯನ್ನು ತಡೆದುಕೊಂಡಿದ್ದೇನೆ. ನೀವೂ ತಡೆದುಕೊಳ್ಳಿ.

ಹೊಟ್ಟೆ: ರಸವೆಲ್ಲ ಇರುವುದು ಇಲ್ಲೇ. ಹೊರಗೆ ಬಣ್ಣ ಬಳಿದವರು ಒಳಗೆ ಬಳಿಯುವುದಿಲ್ಲ. ಹಾಳೆ ಹೊದಿಸಿದ ಸುರಂಗವಾದರೆ ಟಾರ್ಚು ಹಿಡಿದು ಒಳಗಿನ ಪತ್ರಿಕೆ ಓದಿ. ಜಾಹೀರಾತಿನ ಬೆಲೆ ಆಣೆಯಲ್ಲಿದ್ದರೆ ಆ ಹಾಳೆ 1957ರ ಆಚೀಚಿನದು ಅಥವಾ ಅದಕ್ಕೂ ಹಳೆಯದು. ‘ನಯಾ ಪೈಸೆ’ ಕಂಡರೆ 1957ರಿಂದ 1964ರ ನಡುವಿನದೆನ್ನಬಹುದು. ರಾಜ್ಯದ ಹೆಸರು ‘ಮೈಸೂರು’ ಎಂದಿದ್ದರೆ 1973ರದ್ದು ಅಥವಾ ಅದಕ್ಕೂ ಹಿಂದಿನದು. ಆದರೆ ಒಂದು ಎಚ್ಚರ: ಹಾಳೆಯ ವಯಸ್ಸೇ ಸುರಂಗದ ವಯಸ್ಸಲ್ಲ. ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ರದ್ದಿಯೂ ಅಂಟಿಗೆ ಬಂದಿರಬಹುದು. ಸುರಂಗ ಹಾಳೆಗಿಂತ ಹಳೆಯದಲ್ಲ ಎಂದಷ್ಟೇ ಹೇಳಿ. ತೇಪೆಯ ಮೇಲೆ ತೇಪೆಯಿದ್ದರೆ ಸಂತೋಷಪಡಿ. ಒಳಗಿನ ಪದರ ಅಜ್ಜಿಯ ಕಾಲದ್ದು, ಹೊರಗಿನದು ಸೊಸೆಯ ಕಾಲದ್ದಿರಬಹುದು.

ಮನೆ ಖಾಲಿ ಮಾಡುವಾಗ ಗೊಂಬೆಗಳನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಾರೆ, ಸುರಂಗ ಒಲೆಗೆ ಹೋಗುತ್ತದೆ. ಅಂಥ ಮನೆಗೆ ಕರೆದರೆ ‘ಪಾರ್ಕಿನ ಸಾಮಾನು ಏನಾದರೂ ಇದೆಯೇ ಅಮ್ಮ?’ ಎಂದು ಕೇಳಿ. ಸಿಕ್ಕರೆ ಒಣ ಬಟ್ಟೆಯಲ್ಲಿ ಒರೆಸಿ, ನೀರು ತಾಕಿಸಬೇಡಿ. ಒತ್ತಿ ಕಟ್ಟದೆ ಸಡಿಲ ಪೆಟ್ಟಿಗೆಯಲ್ಲಿಟ್ಟು ಗೆದ್ದಲು ಹತ್ತದ ಎತ್ತರದಲ್ಲಿಡಿ. ಯಾರು ಮಾಡಿದ್ದು, ಯಾವ ಮಗುವಿಗಾಗಿ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹಾಳೆಯಲ್ಲಿ ಸಿಗದ ವಿಷಯ ಅದೊಂದೇ.

ಕೊನೆಗೆ ವರ್ಷಕ್ಕೊಮ್ಮೆ, ದಸರೆಯಲ್ಲಿ, ಅದರೊಳಗೆ ರೈಲು ಓಡಿಸಿ. ಚಕ್ರದ ಸದ್ದು ಒಳಹೊಕ್ಕು ಮಂದವಾಗುತ್ತದೆ. ಕೂತ ಮಕ್ಕಳೆಲ್ಲ ಆಗಲೇ ಆಚೆ ಬಾಯಿಯ ಕಡೆ ತಿರುಗಿರುತ್ತಾರೆ. ಆ ಎರಡು ಕ್ಷಣದ ಕಾಯುವಿಕೆಗಾಗಿಯೇ ಯಾರೋ ಮೊರ ಬಾಗಿಸಿ, ಕಾಗದ ಹಚ್ಚಿದ್ದು. ಈ ವರ್ಷ ತೇಪೆ ಹಾಕಬೇಕಾಗಿ ಬಂದರೆ ಇವತ್ತಿನ ಪತ್ರಿಕೆಯನ್ನೇ, ತಾರೀಖು ಒಳಮುಖವಾಗಿರುವಂತೆ ಅಂಟಿಸಿ.